ಮಿಸಿಸಿಪ್ಪಿಯ ಒಡ್ಡು ಮತ್ತು ಒಂದು ಹಾಡಿನ ಎರಡು ಜನ್ಮ

ಮೂರು ನಿಮಿಷಕ್ಕಿಂತ ತುಸು ಹೆಚ್ಚಿನ ಒಂದು ಗ್ರಾಮಫೋನು ತಟ್ಟೆ. ಎರಡು ಗಿಟಾರು, ಒಬ್ಬ ಗಂಡಸಿನ ಕಂಠ, ಅಷ್ಟೆ. 1929ನೆಯ ಇಸವಿ ಜೂನ್ 18ರಂದು ನ್ಯೂಯಾರ್ಕ್ ನಗರದಲ್ಲಿ ಕೊಲಂಬಿಯಾ ಕಂಪೆನಿಯವರು ಅದನ್ನು ಮುದ್ರಿಸಿಕೊಂಡರು. ಹಾಡಿನ ಹೆಸರು 'ವ್ಹೆನ್ ದ ಲೆವಿ ಬ್ರೇಕ್ಸ್', ಅಂದರೆ 'ಒಡ್ಡು ಒಡೆದಾಗ'. ತಟ್ಟೆಯ ಮೇಲಿದ್ದ ಹೆಸರುಗಳು ಕಾನ್ಸಾಸ್ ಜೋ ಮತ್ತು ಮೆಂಫಿಸ್ ಮಿನ್ನಿ. ಇಬ್ಬರೂ ಅಮೆರಿಕದ ತೆಂಕಣ ಸೀಮೆಯ ಕಪ್ಪು ಜನ, ಗಂಡ ಹೆಂಡತಿ.

ನಲ್ವತ್ತೆರಡು ವರ್ಷಗಳ ಅನಂತರ, 1971ರ ನವೆಂಬರ್ 8ರಂದು, ಇಂಗ್ಲೆಂಡಿನ ಲೆಡ್ ಝೆಪೆಲಿನ್ ಎಂಬ ರಾಕ್ ತಂಡದ ನಾಲ್ಕನೆಯ ದೊಡ್ಡ ತಟ್ಟೆ ಹೊರಬಂತು. ಅದರ ಕೊನೆಯ ಹಾಡು ಇದೇ. ಏಳು ನಿಮಿಷದ ಗುಡುಗು. ಆ ತಟ್ಟೆ ಅಮೆರಿಕ ಒಂದರಲ್ಲೇ ಎರಡು ಕೋಟಿಗೂ ಮಿಕ್ಕಿ ಖರ್ಚಾಗಿದೆ. ಎರಡನ್ನೂ ಒಂದರ ಬೆನ್ನಿಗೆ ಒಂದರಂತೆ ಕೇಳಿದರೆ ಒಂದೇ ಹಾಡೆಂದು ನಂಬುವುದು ಕಷ್ಟ. ನಾವೂ ಮೊದಲು ನಂಬಲಿಲ್ಲ. ಮತ್ತೆ ಮತ್ತೆ ಕೇಳಿದ ಮೇಲೆ ಮಾತುಗಳು ಕಿವಿಗೆ ಬಿದ್ದುವು. ಯಾವ ಮಾತು ಉಳಿದಿದೆ, ಯಾವುದು ಬಿಟ್ಟುಹೋಗಿದೆ ಎಂಬುದು ತಿಳಿಯಿತು. ಆ ಬಿಟ್ಟುಹೋದ ಮಾತಿನ ಹಿಂದೆ ಹೊರಟರೆ ಒಂದು ಮಹಾಪೂರದ ಕತೆ ಎದುರಾಗುತ್ತದೆ.

ನದಿಯನ್ನು ಕಟ್ಟಿಹಾಕಿದವರು

ಲೆವಿ ಎಂದರೆ ನಮ್ಮಲ್ಲಿ ಬೇಸಗೆಯ ನೀರಿಗಾಗಿ ತೋಡಿಗೆ ಅಡ್ಡ ಹಾಕುವ ಕಟ್ಟದಂತಲ್ಲ. ಅದು ನದಿಗೆ ಅಡ್ಡವಾಗಿ ಇರುವುದಲ್ಲ, ದಂಡೆಯ ಉದ್ದಕ್ಕೆ ಹೋಗುವುದು. ಮಣ್ಣು ಪೇರಿಸಿ ನೂರಾರು ಮೈಲಿ ಎತ್ತರಿಸಿದ ಒಡ್ಡು. ಮಿಸಿಸಿಪ್ಪಿ ಮಹಾನದಿ ವರ್ಷ ವರ್ಷವೂ ಉಕ್ಕಿ ಹರಿದು ಮೆಕ್ಕಲು ಹಾಕಿ ಮಾಡಿದ ನೆಲವನ್ನು 'ಡೆಲ್ಟಾ' ಎಂದು ಕರೆಯುತ್ತಾರೆ. ಹತ್ತಿಗೆ ಅದಕ್ಕಿಂತ ಒಳ್ಳೆಯ ಮಣ್ಣು ಬೇರಿಲ್ಲ. ಆ ಮಣ್ಣಿನಲ್ಲಿ ಬೇಸಾಯ ಮಾಡಬೇಕಾದರೆ ನದಿ ಒಳಗೆ ಬರಬಾರದು. ಹಾಗಾಗಿ ಒಡ್ಡು. ಒಡ್ಡು ಹಾಕಿದಾಗ ಹರಡಲು ಎಡೆಯಿಲ್ಲದ ನೀರು ಮೇಲಕ್ಕೇರುತ್ತದೆ. ನೀರು ಮೇಲಕ್ಕೇರಿತೆಂದು ಒಡ್ಡನ್ನು ಇನ್ನಷ್ಟು ಎತ್ತರಿಸುತ್ತಾರೆ. ನೀರು ಮತ್ತಷ್ಟು ಏರುತ್ತದೆ. ಹೆಚ್ಚಿನ ನೀರು ಹೊರಗೆ ಹರಿಯಲು ಬೇರೆ ದಾರಿ ಬಿಡಬೇಕೆಂದು ಹೇಳಿದವರು ಇದ್ದರು. ಆದರೆ ಒಡ್ಡೊಂದೇ ಸಾಕೆಂಬುದು ಸೇನೆಯ ಇಂಜಿನಿಯರರ ಹಟ. ಪೂರದ ಹಾವಳಿಯನ್ನು ತಡೆಯುವ ಸ್ಥಿತಿಗೆ ಕಾಮಗಾರಿ ಬಂದು ತಲಪಿದೆಯೆಂದು 1926ರಲ್ಲಿ ಅವರು ಸರಕಾರಕ್ಕೆ ವರದಿಯನ್ನೂ ಒಪ್ಪಿಸಿದ್ದರು.

ಅದೇ ವರ್ಷದ ಆಗಸ್ಟಿನಲ್ಲಿ ಮಳೆ ಹಿಡಿಯಿತು. ತಿಂಗಳುಗಟ್ಟಲೆ ಬಿಡಲಿಲ್ಲ. 1927ರ ಎಪ್ರಿಲ್ 21ರ ಬೆಳಿಗ್ಗೆ ಗ್ರೀನ್‌ವಿಲ್ ಪೇಟೆಯ ಉತ್ತರಕ್ಕೆ ಮೌಂಡ್ಸ್ ಲ್ಯಾಂಡಿಂಗ್ ಎಂಬಲ್ಲಿ ಒಡ್ಡು ಬಾಯಿಬಿಟ್ಟಿತು. ನಯಾಗರಾ ಜಲಪಾತದಲ್ಲಿ ಬೀಳುವ ನೀರಿನ ಎರಡು ಪಾಲಿಗಿಂತ ಹೆಚ್ಚು ನೀರು ಆ ಒಂದು ಬಿರುಕಿನಿಂದ ಒಳನುಗ್ಗಿತೆನ್ನುತ್ತಾರೆ. ಒಟ್ಟು 27,000 ಚದರ ಮೈಲಿ ನೆಲ ಮುಳುಗಿತು. ಕೆಲವು ಕಡೆ ಮೂವತ್ತು ಅಡಿ ನೀರು. ಮನೆಮಠ ಕಳಕೊಂಡವರು ಆರು ಲಕ್ಷಕ್ಕೂ ಹೆಚ್ಚು ಮಂದಿ. ಸತ್ತವರ ಸರಕಾರಿ ಲೆಕ್ಕ 246. ಅದನ್ನು ನಂಬಿದವರು ಕಡಿಮೆ.

ದಕ್ಷಿಣದಲ್ಲಿ ನ್ಯೂ ಓರ್ಲಿಯನ್ಸ್ ನಗರವನ್ನು ಉಳಿಸಲೆಂದು ಅಲ್ಲಿನ ಬ್ಯಾಂಕಿನ ದೊಡ್ಡ ಮನುಷ್ಯರು ಕೆಳಗಿನ ಕೆರ್ನಾರ್ವನ್ ಎಂಬಲ್ಲಿ ಒಡ್ಡಿಗೆ ಸಿಡಿಮದ್ದು ಇಡಿಸಿದರು. ಎಪ್ರಿಲ್ 29ರಂದು. ಬಡವರ ಎರಡು ತಾಲೂಕು ನೀರುಪಾಲಾಯಿತು. ಮೇಲ್ಗಡೆ ಒಡ್ಡುಗಳು ತಾವಾಗಿಯೇ ಒಡೆದಿದ್ದರಿಂದ ಸಿಡಿಮದ್ದಿನ ಅಗತ್ಯವೇ ಇರಲಿಲ್ಲವೆಂದು ಆಮೇಲೆ ಗೊತ್ತಾಯಿತು. ಕೊಡುತ್ತೇವೆಂದ ಪರಿಹಾರವೂ ಹೆಚ್ಚಿನವರಿಗೆ ಸಿಗಲಿಲ್ಲ. ಇದು ಬೇರೆಯೇ ಒಂದು ಲೇಖನದ ವಸ್ತು, ಇಲ್ಲಿಗೆ ಬಿಡೋಣ.

ಒಡ್ಡಿನ ಮೇಲೆ ಬದುಕಿದವರು

ಗ್ರೀನ್‌ವಿಲ್‌ನಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹಾಡು ಇರುವುದು ಅಲ್ಲಿ.

ಪೇಟೆ ಮುಳುಗಿದಾಗ ಒಣಗಿದ ನೆಲವೆಂದು ಉಳಿದದ್ದು ಒಡ್ಡಿನ ನೆತ್ತಿ ಮಾತ್ರ. ಕೆಲವೇ ಅಡಿ ಅಗಲ, ಮೈಲಿಗಟ್ಟಲೆ ಉದ್ದ. ಒಂದು ಕಡೆ ನದಿ, ಇನ್ನೊಂದು ಕಡೆ ಊರು ನುಂಗಿದ ನೀರು. ಸುಮಾರು 13,000 ಕಪ್ಪು ಜನ ಆ ಒಡ್ಡಿನ ಮೇಲೆ ಡೇರೆಗಳಲ್ಲಿ ಸೇರಿದರು. ಅವರನ್ನು ಕರೆದೊಯ್ಯಲು ಹಬೆಹಡಗುಗಳು ಬಂದುವು. ಬಿಳಿಯ ಹೆಂಗಸರೂ ಮಕ್ಕಳೂ ಹತ್ತಿದರು. ಕಪ್ಪು ಜನರನ್ನು ಹತ್ತಿಸದೆ ಹಡಗುಗಳು ಹೆಚ್ಚುಕಡಿಮೆ ಖಾಲಿಯಾಗಿಯೇ ಮರಳಿದುವು. ಕಾರಣ ಸರಳ. ಇವರೆಲ್ಲ ಹತ್ತಿಯ ಹೊಲಗಳಲ್ಲಿ ಪಾಲಿಗೆ ದುಡಿಯುವವರು, ಧಣಿಗಳ ಸಾಲದಲ್ಲಿ ಇದ್ದವರು. ಒಮ್ಮೆ ಹೊರಟುಹೋದರೆ ಮತ್ತೆ ಬರಲಿಕ್ಕಿಲ್ಲ. ಹತ್ತಿ ಬಿಡಿಸುವವರಾರು?

ಆದ್ದರಿಂದ ಶಿಬಿರದ ಸುತ್ತ ಬಂದೂಕು ಹಿಡಿದ ಕಾವಲು. ಒಳಗಿದ್ದವರು ಬಿಲ್ಲೆ ಕಟ್ಟಿಕೊಳ್ಳಬೇಕು. ಯಾರ ಆಳು, ಯಾವ ಕೆಲಸ ಎಂದು ಅದರಲ್ಲಿ ಬರೆದಿರುತ್ತಿತ್ತು. ರೆಡ್ ಕ್ರಾಸಿನವರು ಧರ್ಮಾರ್ಥವಾಗಿ ಕಳಿಸಿದ ಧಾನ್ಯ ಸಿಗಬೇಕಾದರೂ ದುಡಿಯಬೇಕು. ಮರಳಿನ ಚೀಲ ಹೊರುವುದು, ದೋಣಿಯಿಂದ ಸಾಮಾನು ಇಳಿಸುವುದು, ಒಡ್ಡಿಗೆ ಮಣ್ಣು ಹಾಕುವುದು. ಜುಲೈ ತಿಂಗಳಲ್ಲಿ ಜೇಮ್ಸ್ ಗುಡನ್ ಎಂಬವನನ್ನು ಒಬ್ಬ ಪೊಲೀಸ್ ಕೆಲಸಕ್ಕೆ ಕರೆದ. ರಾತ್ರಿಯಿಡೀ ದುಡಿದು ಈಗ ತಾನೇ ಬಂದಿದ್ದೇನೆ, ಬರಲಾರೆ ಎಂದನಾತ. ಪೊಲೀಸ್ ಗುಂಡಿಟ್ಟು ಕೊಂದ. ಜಾನ್ ಬ್ಯಾರಿ ಎಂಬ ಇತಿಹಾಸಕಾರ 1997ರಲ್ಲಿ ಈ ಪೂರದ ಮೇಲೆ ಬರೆದ ದೊಡ್ಡ ಗ್ರಂಥದಲ್ಲಿ ಇದನ್ನೆಲ್ಲ ಕಾಗದಪತ್ರಗಳ ಆಧಾರದಿಂದ ವಿವರಿಸಿದ್ದಾರೆ.

ಪರಿಹಾರ ಕಾರ್ಯದ ಮುಖ್ಯಸ್ಥನಾಗಿದ್ದವನು ವಾಣಿಜ್ಯ ಮಂತ್ರಿ ಹರ್ಬರ್ಟ್ ಹೂವರ್. ಪೇಪರುಗಳಲ್ಲಿ ಅವನದೇ ಚಿತ್ರ, ಅವನದೇ ಗುಣಗಾನ. ಶಿಬಿರಗಳ ದೂರು ಕೇಳಿಬಂದಾಗ ರಾಬರ್ಟ್ ಮೋಟನ್ ಎಂಬ ಕಪ್ಪು ವಿದ್ವಾಂಸರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಆಯಿತು. ಸಮಿತಿ ಕಂಡದ್ದು ಹೊರಗೆ ಹೆಚ್ಚು ಬರಲಿಲ್ಲ. ಕೊಟ್ಟ ಭರವಸೆಗಳು ಈಡೇರಲಿಲ್ಲ. 1928ರ ಚುನಾವಣೆಯಲ್ಲಿ ಹೂವರ್ ಅಧ್ಯಕ್ಷನೇ ಆದ. ಸಮಿತಿಗಳೆಂದರೆ ಎಲ್ಲ ದೇಶಗಳಲ್ಲೂ ಒಂದೇ ಜಾತಿ ಇರಬೇಕು.

ಈ ಪೂರದ ಬಗ್ಗೆ ಹಾಡುಗಳು ಹಲವು ಬಂದುವು. ಅಂಧ ಗಾಯಕ ಬ್ಲೈಂಡ್ ಲೆಮನ್ ಜೆಫರ್ಸನ್ 1927ರಲ್ಲೇ ಒಂದನ್ನು ಹಾಡಿದ. ಡೆಲ್ಟಾದ ಚಾರ್ಲಿ ಪ್ಯಾಟನ್ 1929ರ ಕೊನೆಯಲ್ಲಿ ಹಾಡಿದ್ದು ಒಂದು ಬದಿಯಲ್ಲಿ ಹಿಡಿಸದೆ ತಟ್ಟೆಯ ಎರಡೂ ಬದಿಗೆ ಹರಡಿತು. ಬೆಸ್ಸಿ ಸ್ಮಿತ್ ಅವರ ಪ್ರಸಿದ್ಧ 'ಬ್ಯಾಕ್‌ವಾಟರ್ ಬ್ಲೂಸ್' ಕೂಡಾ ಇದೇ ಪೂರದ ಹಾಡೆಂದು ಹಲವರು ಬರೆದಿದ್ದಾರೆ. ಅದು ತಪ್ಪು. ಅದನ್ನು ಮುದ್ರಿಸಿದ್ದು 1927ರ ಫೆಬ್ರವರಿ 17ರಂದು, ಮೌಂಡ್ಸ್ ಲ್ಯಾಂಡಿಂಗ್ ಒಡೆಯುವ ಎರಡು ತಿಂಗಳು ಮೊದಲು. ನ್ಯಾಶ್‌ವಿಲ್ ನಗರದಲ್ಲಿ ಅದಕ್ಕೆ ಮುಂಚಿನ ಕ್ರಿಸ್ಮಸ್ ಸಮಯಕ್ಕೆ ಬಂದ ಪೂರ ಅದರ ಮೂಲ. ಆದರೆ ಆ ತಟ್ಟೆ ಅಂಗಡಿಗೆ ಬಂದ ಹೊತ್ತಿಗೆ ಮಿಸಿಸಿಪ್ಪಿ ಉಕ್ಕಿತ್ತು. ಕೇಳಿದವರಿಗೆ ಅದು ತಮ್ಮದೇ ಕತೆ ಎನಿಸಿತು.

ಕ್ಷೌರದಂಗಡಿಯಿಂದ ನ್ಯೂಯಾರ್ಕಿಗೆ

ಮೆಂಫಿಸ್ ಮಿನ್ನಿಯ ನಿಜವಾದ ಹೆಸರು ಲಿಝಿ ಡಗ್ಲಾಸ್. ಹುಟ್ಟಿದ್ದು 1897ರ ಜೂನ್ 3ರಂದು. ಮನೆಯಲ್ಲಿ ಕರೆಯುತ್ತಿದ್ದದ್ದು 'ಕಿಡ್', ನಮ್ಮಲ್ಲಿ 'ಮಗು' ಎಂದು ಹೆಸರಿಟ್ಟಂತೆ. ಮೆಂಫಿಸ್ ನಗರದ ದಕ್ಷಿಣಕ್ಕೆ, ಮಿಸಿಸಿಪ್ಪಿ ಸಂಸ್ಥಾನದ ವಾಲ್ಸ್ ಎಂಬ ಸಣ್ಣ ಊರಿನಲ್ಲಿ ಅಪ್ಪನ ಬೇಸಾಯ. ಹೊಲದ ಕೆಲಸ ಹುಡುಗಿಗೆ ಒಗ್ಗಲಿಲ್ಲ. ಹದಿಮೂರರ ಆಸುಪಾಸಿನಲ್ಲೇ ಗಿಟಾರು ಹಿಡಿದು ಮೆಂಫಿಸ್ಸಿನ ಬೀಲ್ ಸ್ಟ್ರೀಟಿಗೆ ಓಡಿದಳು. ಬೀದಿಯಲ್ಲಿ ಬಾರಿಸಿದಳು, ಸರ್ಕಸ್ ಕಂಪೆನಿಯೊಡನೆ ತಿರುಗಿದಳು. ಹೊಟ್ಟೆಗಿಲ್ಲದಾಗ ವಾಲ್ಸ್‌ಗೆ ಮರಳುವುದು, ಹೊಟ್ಟೆ ತುಂಬಿದಾಗ ಮತ್ತೆ ಓಡುವುದು. 1927ರಲ್ಲಿ ಒಡ್ಡು ಒಡೆದಾಗ ಆಕೆ ವಾಲ್ಸ್ ಸಮೀಪ ತಮ್ಮ ಮನೆಯಲ್ಲೇ ಇದ್ದಳೆಂದು ಆಕೆಯ ಮನೆತನದ ಒಬ್ಬ ಹೆಂಗಸು ವೃದ್ಧಾಪ್ಯದಲ್ಲಿ ನೆನಪು ಹೇಳಿದ್ದುಂಟು.

ಜೋ ಮೆಕಾಯ್ ಹುಟ್ಟಿದ್ದು 1905ರಲ್ಲಿ, ಮಿಸಿಸಿಪ್ಪಿಯ ರೇಮಂಡಿನಲ್ಲಿ. ಹೆಂಡತಿಗಿಂತ ಎಂಟು ವರ್ಷ ಚಿಕ್ಕವನು. ಇಬ್ಬರೂ ಬೀಲ್ ಸ್ಟ್ರೀಟಿನ ಒಂದು ಕ್ಷೌರದಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಬಾರಿಸುತ್ತಿದ್ದಾಗ ಕೊಲಂಬಿಯಾ ಕಂಪೆನಿಯವನೊಬ್ಬನ ಕಣ್ಣಿಗೆ ಬಿದ್ದರು. ಹೀಗೆ ನ್ಯೂಯಾರ್ಕಿಗೆ ಹೋದರು. ಕಾನ್ಸಾಸ್ ಜೋ, ಮೆಂಫಿಸ್ ಮಿನ್ನಿ ಎಂಬ ಹೆಸರುಗಳು ಕಂಪೆನಿಯವರು ಇಟ್ಟವು. ಜೋ ಕಾನ್ಸಾಸಿನವನಲ್ಲ. ಹೆಸರು ಬದಲಾಯಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದು ಸಣ್ಣ ವಿಷಯವಲ್ಲವೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.

ಆಗಿನ ಕಂಪೆನಿಗಳು ಕಪ್ಪು ಜನರ ಹಾಡುಗಳನ್ನು ಬೇರೆಯೇ ಪಟ್ಟಿಯಲ್ಲಿ ಮಾರುತ್ತಿದ್ದುವು, 'ರೇಸ್ ರೆಕಾರ್ಡ್ಸ್' ಎಂಬ ಹೆಸರಿನಲ್ಲಿ. 1920ರಲ್ಲಿ ಮೇಮಿ ಸ್ಮಿತ್ ಹಾಡಿದ 'ಕ್ರೇಝಿ ಬ್ಲೂಸ್' ಧಾರಾಳ ಮಾರಾಟವಾದ ಮೇಲೆ ಈ ವ್ಯಾಪಾರದ ರುಚಿ ಹತ್ತಿತ್ತು. ಹಾಡಿದವರಿಗೆ ಸಾಮಾನ್ಯವಾಗಿ ಒಂದು ಗುತ್ತಿಗೆಯ ಮೊತ್ತ, ಅಲ್ಲಿಗೆ ಲೆಕ್ಕ ಚುಕ್ತಾ. ಜೋ ಮತ್ತು ಮಿನ್ನಿಯ ತಟ್ಟೆ ಬಂದ ವರ್ಷವೇ ಅಕ್ಟೋಬರಿನಲ್ಲಿ ಶೇರುಪೇಟೆ ಕುಸಿಯಿತು. ತಟ್ಟೆ ಕೊಳ್ಳುವ ಬಡವರ ಕೈಯಲ್ಲಿ ಕಾಸಿಲ್ಲದಾಯಿತು.

ಇನ್ನು ಹಾಡು. ಬ್ಲೂಸ್ ಎಂಬುದರ ಕಟ್ಟು ಬಹಳ ಸರಳ. ಒಂದು ಸಾಲು ಹೇಳುತ್ತಾರೆ, ಅದನ್ನೇ ಇನ್ನೊಮ್ಮೆ ಹೇಳುತ್ತಾರೆ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ. ನಡುವೆ ವಾದ್ಯ ಮಾತಾಡುತ್ತದೆ. ಇಲ್ಲಿ ಹಾಡುವವನು ಜೋ, ತಾಳ ಹಿಡಿಯುವ ಗಿಟಾರೂ ಅವನದೇ. ಮೇಲಿನಿಂದ ಚುರುಕಾಗಿ ಓಡುವ ಗಿಟಾರು ಮಿನ್ನಿಯದು. ಮೊದಲ ಬಾರಿ ಕೇಳುವಾಗ ಆಶ್ಚರ್ಯವಾಗುವುದು ಅದರ ಹಗುರು. ದುಃಖದ ಹಾಡಿಗೆ ಕುಣಿಯುವ ನಡಿಗೆ! ಜೋನ ದನಿಯಲ್ಲಿ ಅಳುವಿಲ್ಲ. ಒಡ್ಡಿನ ಮೇಲೆ ಕುಳಿತು ರಾತ್ರಿಯಿಡೀ ನರಳಿದೆ ಎಂಬ ಸಂಗತಿಯನ್ನು ಪೇಟೆಗೆ ಹೋಗಿ ಬಂದೆ ಎಂಬಷ್ಟೇ ಸಾದಾ ದನಿಯಲ್ಲಿ ಹೇಳುತ್ತಾನೆ. ಅತ್ತರೂ ಪ್ರಾರ್ಥಿಸಿದರೂ ಆಗುವುದೇನಿಲ್ಲ ಎಂಬ ಭಾವದ ಮಾತೂ ಹಾಗೆಯೇ ಬಂದು ಹೋಗುತ್ತದೆ. ಇವುಗಳ ನಡುವೆ ಎರಡು ಬಾರಿ ಬರುವ ಒಂದು ಮಾತಿದೆ. ಹಗಲೂ ಇರುಳೂ ತಾನು ಒಡ್ಡಿನ ಮೇಲೆ ದುಡಿಯುತ್ತಿದ್ದೇನೆ, ನೀರನ್ನು ತಡೆಯಲು ತನಗೆ ಬೇರೆ ಯಾರೂ ಇಲ್ಲ ಎಂಬ ಅರ್ಥದ್ದು. ಗುಡನ್‌ನ ಕತೆ ತಿಳಿದ ಮೇಲೆ ಆ ಮಾತು ನಮಗೆ ಮೊದಲಿನಂತೆ ಕೇಳಿಸಲಿಲ್ಲ.

ಪೂರದ ಅನಂತರ ಸಾವಿರಾರು ಕುಟುಂಬಗಳು ಡೆಲ್ಟಾ ಬಿಟ್ಟು ಉತ್ತರದ ಕಾರ್ಖಾನೆಗಳತ್ತ ಹೊರಟುವು. ಧಣಿಗಳು ಹೆದರಿದ್ದೇ ಆಯಿತು. ಜೋ ಮತ್ತು ಮಿನ್ನಿ ಕೂಡಾ ಷಿಕಾಗೋ ಸೇರಿದರು. 1935ರ ಹೊತ್ತಿಗೆ ಇಬ್ಬರೂ ಬೇರೆಯಾದರು. ಜೋ ಹಾರ್ಲೆಮ್ ಹ್ಯಾಮ್‌ಫ್ಯಾಟ್ಸ್ ಎಂಬ ತಂಡ ಸೇರಿ 1936ರಲ್ಲಿ ಒಂದು ಹಾಡು ಕಟ್ಟಿದ. ಅದೇ ಮುಂದೆ ಬೇರೆ ಮಾತು ತೊಟ್ಟು, 'ವೈ ಡೋಂಟ್ ಯು ಡೂ ರೈಟ್' ಎಂದಾಗಿ, ಪೆಗ್ಗಿ ಲೀ ಎಂಬ ಬಿಳಿಯ ಗಾಯಕಿಯನ್ನು ದೇಶಕ್ಕೆಲ್ಲ ಪರಿಚಯಿಸಿತು. ಜೋ 1950ರ ಜನವರಿಯಲ್ಲಿ ತೀರಿಕೊಂಡ. ನಲ್ವತ್ತನಾಲ್ಕು ವರ್ಷ.

ಮಿನ್ನಿಯದು ಗಟ್ಟಿ ಜೀವ. ಗಿಟಾರಿನ ಪಂದ್ಯದಲ್ಲಿ ತನ್ನನ್ನು ಸೋಲಿಸಿ ಬಹುಮಾನ ಗೆದ್ದಳೆಂದು ಬಿಗ್ ಬಿಲ್ ಬ್ರೂಂಝಿ ಎಂಬ ಹೆಸರಾಂತ ಗಾಯಕ ತನ್ನ ಆತ್ಮಕತೆಯಲ್ಲಿ ಒಪ್ಪಿಕೊಂಡಿದ್ದಾನೆ. ಬಹುಮಾನ ಒಂದು ಬಾಟ್ಲಿ ವಿಸ್ಕಿ, ಒಂದು ಬಾಟ್ಲಿ ಜಿನ್. 1942ರ ವರ್ಷಾಂತ್ಯದ ರಾತ್ರಿ ಷಿಕಾಗೋದ ಒಂದು ಕ್ಲಬ್ಬಿನಲ್ಲಿ ಆಕೆ ಮಂಜುಗಡ್ಡೆಯ ಪೆಟ್ಟಿಗೆಯ ಮೇಲೆ ಕುಳಿತು ವಿದ್ಯುತ್ ಗಿಟಾರು ಬಾರಿಸುವುದನ್ನು ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಕಂಡು 'ಷಿಕಾಗೋ ಡಿಫೆಂಡರ್' ಪತ್ರಿಕೆಗೆ ಬರೆದರು. ಜನ ಮೈಮರೆತು ಕುಣಿಯುತ್ತಿದ್ದರೆ ಕ್ಲಬ್ಬಿನ ಬಿಳಿಯ ಧಣಿಗಳು ನಗದೆ, ಕಾಲೂ ಅಲ್ಲಾಡಿಸದೆ, ಗಲ್ಲಾಪೆಟ್ಟಿಗೆಯ ಹತ್ತಿರ ನಿಂತಿದ್ದರೆಂಬುದನ್ನೂ ಬರೆದರು. ಕವಿಯ ಕಣ್ಣು ಹೋಗಬೇಕಾದಲ್ಲಿಗೇ ಹೋಗಿತ್ತು.

ಬಡವರ ಮನೆಯ ಏಣಿಮೆಟ್ಟಿಲು

1960ರ ದಶಕದಲ್ಲಿ ಇಂಗ್ಲೆಂಡಿನ ಹುಡುಗರಿಗೆ ಈ ಹಳೆಯ ತಟ್ಟೆಗಳ ಹುಚ್ಚು ಹಿಡಿಯಿತು. ಅಮೆರಿಕದವರೇ ಮರೆತದ್ದನ್ನು ಇವರು ಹುಡುಕಿ ಕೇಳಿದರು. ಲೆಡ್ ಝೆಪೆಲಿನ್ನಿನ ಗಾಯಕ ರಾಬರ್ಟ್ ಪ್ಲಾಂಟ್ ಅವರ ಸಂಗ್ರಹದಲ್ಲಿ ಜೋ ಮತ್ತು ಮಿನ್ನಿಯ ಹಾಡು ಇತ್ತು.

ಅದನ್ನು ಮುದ್ರಿಸಿದ ಜಾಗ ಹ್ಯಾಂಪ್‌ಶೈರ್ ಪ್ರಾಂತ್ಯದ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಕಲ್ಲುಮನೆ. 1795ರಲ್ಲಿ ಅದನ್ನು ಕಟ್ಟಿದ್ದು ದಿಕ್ಕಿಲ್ಲದ ಬಡವರನ್ನು ಕೂಡಿಹಾಕಿ ದುಡಿಸಿ ಊಟ ಕೊಡುವ ಆಶ್ರಯಶಾಲೆಯಾಗಿ. ದುಡಿದರೆ ಮಾತ್ರ ಕೂಳು ಎಂಬ ನಿಯಮ ಗ್ರೀನ್‌ವಿಲ್ಲಿನ ಒಡ್ಡಿಗೆ ಮಾತ್ರ ಸೇರಿದ್ದಲ್ಲ. ತಂಡದವರು ಇದನ್ನೆಲ್ಲ ಯೋಚಿಸಿದ್ದರೋ ಇಲ್ಲವೋ, ಅವರಿಗೆ ಬೇಕಾದದ್ದು ಆ ಮನೆಯ ಎತ್ತರದ ನಡುಮನೆ. ಡ್ರಮ್ ಬಾರಿಸುವ ಜಾನ್ ಬೋನಂ ಅವರನ್ನು ಏಣಿಮೆಟ್ಟಿಲಿನ ಬುಡದಲ್ಲಿ ಕೂರಿಸಿ, ಮೇಲಿನ ಮಾಳಿಗೆಯಿಂದ ಎರಡು ಮೈಕುಗಳನ್ನು ಇಳಿಬಿಟ್ಟರು. ಇಂಜಿನಿಯರ್ ಆಂಡಿ ಜಾನ್ಸ್ ಅವರ ಉಪಾಯ. ಡ್ರಮ್ಮಿನ ಬಾಯಿಗೇ ಮೈಕು ಇಡುತ್ತಿದ್ದ ಕಾಲದಲ್ಲಿ ಇದು ಹೊಸತು. ಆಟದ ರಾತ್ರಿ ಬಯಲಿನ ಅಂಚಿನಲ್ಲಿ ನಿಂತವನಿಗೆ ಕೇಳುವ ಚೆಂಡೆಗೂ ರಂಗಸ್ಥಳದ ಪಕ್ಕದಲ್ಲಿ ಕುಳಿತವನಿಗೆ ಕೇಳುವ ಚೆಂಡೆಗೂ ಇರುವ ವ್ಯತ್ಯಾಸ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ದೂರದ ಸದ್ದಿನಲ್ಲಿ ಜಾಗದ ಸದ್ದೂ ಸೇರಿರುತ್ತದೆ. ಅದಕ್ಕೆ ಯಂತ್ರದಿಂದ ಪ್ರತಿಧ್ವನಿ ಕೊಟ್ಟು, ಟೇಪಿನ ವೇಗ ತಗ್ಗಿಸಿ, ಮೌತಾರ್ಗನ್ನಿನ ಪ್ರತಿಧ್ವನಿಯನ್ನು ಹಿಂದುಮುಂದಾಗಿಸಿ, ಗಿಟಾರಿಸ್ಟ್ ಜಿಮ್ಮಿ ಪೇಜ್ ಒಟ್ಟು ಕೂಡಿಸಿದರು. ಪರಿಣಾಮವಾಗಿ ನೀರೇ ನಡೆದುಬಂದಂತೆ ಕೇಳಿಸುತ್ತದೆ. ಈ ಸದ್ದನ್ನು ವೇದಿಕೆಯ ಮೇಲೆ ತರಲು ಅವರಿಗೇ ಆಗಲಿಲ್ಲ. 1975ರಲ್ಲಿ ಕೆಲವು ಸಲ ಬಾರಿಸಿ ಕೈಬಿಟ್ಟರು. ಆ ಡ್ರಮ್ಮಿನ ಪೆಟ್ಟನ್ನು ಮಾತ್ರ ಅನಂತರದ ಎಷ್ಟೋ ಮಂದಿ ಕತ್ತರಿಸಿ ತಮ್ಮ ಹಾಡಿಗೆ ಅಂಟಿಸಿಕೊಂಡಿದ್ದಾರೆ.

(ಇದೇ ಪೇಜ್ ಮತ್ತು ಪ್ಲಾಂಟ್ 1972ರಲ್ಲಿ ಮುಂಬಯಿಗೆ ಬಂದು, ಅದೇ ತಟ್ಟೆಯ ಇನ್ನೊಂದು ಹಾಡನ್ನು ನಮ್ಮ ದೇಶದ ವಾದ್ಯಗಾರರೊಡನೆ ಮುದ್ರಿಸಿದ್ದರು. ಅದು ಅಧಿಕೃತವಾಗಿ ಹೊರಬಂದದ್ದು 2015ರಲ್ಲಿ.)

ಈಗ ಮಾತಿನ ವಿಷಯ. ಒಡ್ಡು, ಮಳೆ, ನರಳಾಟ, ಫಲವಿಲ್ಲದ ಪ್ರಾರ್ಥನೆ, ಇವೆಲ್ಲ ಉಳಿದಿವೆ. ಷಿಕಾಗೋಕ್ಕೆ ಹೊರಟೆ ಎಂಬ ಮಾತು ಹೊಸದಾಗಿ ಸೇರಿದೆ. ಜೋ ಅದನ್ನು ಹಾಡಿರಲಿಲ್ಲ, ಆದರೆ ಬದುಕಿನಲ್ಲಿ ಮಾಡಿದ್ದು ಅದನ್ನೇ. ಆದ್ದರಿಂದ ಈ ಸೇರ್ಪಡೆಯನ್ನು ತಪ್ಪೆನ್ನಲು ಮನಸ್ಸಾಗುವುದಿಲ್ಲ. ಬಿಟ್ಟುಹೋದದ್ದು ಹಗಲಿರುಳು ಒಡ್ಡಿನ ಮೇಲೆ ದುಡಿದ ಆ ಮಾತು. ಜೋನ ಹಾಡಿನಲ್ಲಿ ಪೂರವನ್ನು ತಡೆಯಲು ಮಣ್ಣು ಹೊರುವ ಒಬ್ಬ ಆಳು ಇದ್ದಾನೆ. ಝೆಪೆಲಿನ್ನಿನ ಹಾಡಿನಲ್ಲಿ ಪೂರ ಇದೆ, ಆಳು ಇಲ್ಲ. ಇಂಗ್ಲೆಂಡಿನ ಯುವಕರು ಬೇಕೆಂದೇ ತೆಗೆದರೆಂದು ನಾವು ಹೇಳುವುದಿಲ್ಲ. ಅವರಿಗೆ ಆ ಸಾಲಿನ ಭಾರ ಗೊತ್ತಿರಲಿಕ್ಕಿಲ್ಲ, ಅಷ್ಟೆ.

ಹಕ್ಕಿನ ಹೆಸರುಗಳ ಮಟ್ಟಿಗೆ ಈ ತಂಡದ ಖ್ಯಾತಿ ಒಳ್ಳೆಯದಲ್ಲ. ತನ್ನ ಹಾಡಿನ ಹೋಲಿಕೆಯಿದೆಯೆಂದು ವಿಲ್ಲಿ ಡಿಕ್ಸನ್ ಎಂಬ ಹಿರಿಯ ಬ್ಲೂಸ್ ಕವಿ 1985ರಲ್ಲಿ ಇವರ ಇನ್ನೊಂದು ಹಾಡಿನ ಮೇಲೆ ದಾವೆ ಹೂಡಿ, 1987ರಲ್ಲಿ ರಾಜಿಯಾಗಿ, ಆಮೇಲೆ ಡಿಕ್ಸನ್ ಹೆಸರು ಸೇರಿತು. 'ಒಡ್ಡು' ಹಾಡಿನಲ್ಲಿ ಮಾತ್ರ ಮೊದಲಿನಿಂದಲೇ ತಂಡದ ನಾಲ್ವರ ಜತೆಗೆ ಮೆಂಫಿಸ್ ಮಿನ್ನಿಯ ಹೆಸರು ಅಚ್ಚಾಗಿತ್ತು. ಅಷ್ಟರ ಮಟ್ಟಿಗೆ ಮೆಚ್ಚಬೇಕು. ಆದರೆ ಹಾಡಿದವನು ಜೋ! ಅವನ ಹೆಸರು ಇಲ್ಲ. 2006ರಲ್ಲಿ ಬಾಬ್ ಡಿಲನ್ ಇದೇ ಹಾಡಿನ ಎಳೆ ಹಿಡಿದು ಇನ್ನೊಂದು ಹಾಡು ಮಾಡಿದಾಗ ಇಬ್ಬರ ಹೆಸರೂ ಬರಲಿಲ್ಲ. ತಟ್ಟೆಯ ಮೇಲೆ ಇದ್ದದ್ದು ಡಿಲನ್ ಹೆಸರೊಂದೇ.

ಝೆಪೆಲಿನ್ ತಟ್ಟೆ ಲೋಕವೆಲ್ಲ ಮೊಳಗುತ್ತಿದ್ದ 1971ರಲ್ಲಿ ಮಿನ್ನಿ ಇನ್ನೂ ಬದುಕಿದ್ದರು. 1960ರಲ್ಲಿ ಪಾರ್ಶ್ವವಾಯು ಬಡಿದಿತ್ತು. ಮರುವರ್ಷ ಪತಿ ಲಿಟ್ಲ್ ಸನ್ ಜೋ ತೀರಿದ ಮೇಲೆ ಇನ್ನೊಮ್ಮೆ ಬಡಿಯಿತು. ಗಿಟಾರು ಹಿಡಿಯುವ ಕೈ ನಿಂತಿತು. ಮೆಂಫಿಸ್ಸಿನಲ್ಲಿ ತಂಗಿಯ ಆಸರೆ, ಆಮೇಲೆ ಆರೈಕೆಯ ಮನೆ. ಸರಕಾರದ ಪಿಂಚಣಿ ಸಾಲದು. ಬ್ಲೂಸ್ ಪತ್ರಿಕೆಗಳು ವಿನಂತಿ ಮಾಡಿಕೊಂಡಾಗ ಓದುಗರು ಐದೋ ಹತ್ತೋ ಡಾಲರು ಕಳಿಸುತ್ತಿದ್ದರು. 1973ರ ಆಗಸ್ಟ್ 6ರಂದು ತೀರಿಕೊಂಡರು. ಹೂತದ್ದು ವಾಲ್ಸ್‌ನ ನ್ಯೂ ಹೋಪ್ ಇಗರ್ಜಿಯ ಹಿತ್ತಿಲಲ್ಲಿ, ಮನೆಯವರ ನಡುವೆ. ಗುರುತಿನ ಕಲ್ಲು ಇರಲಿಲ್ಲ. 1996ರಲ್ಲಿ ಗಾಯಕಿ ಬಾನಿ ರೇಟ್ ಹಣ ಕೊಟ್ಟ ಮೇಲೆ ಅಲ್ಲೊಂದು ಕಲ್ಲು ಎದ್ದಿತು. ಮುಂದಿನ ಬದಿಯಲ್ಲಿ ಲಿಝಿ ಡಗ್ಲಾಸ್ ಎಂಬ ಹೆಸರೂ ಇದೆ, ಮೆಂಫಿಸ್ ಮಿನ್ನಿ ಎಂಬ ಹೆಸರೂ ಇದೆ. ಅಲ್ಲಿಂದ ಪಡುವಣಕ್ಕೆ ಹೊಲಗಳನ್ನು ದಾಟಿ ಹೋದರೆ ಹುಲ್ಲು ಬೆಳೆದ ಒಡ್ಡು ಸಿಗುತ್ತದೆ. ನದಿ ಅದರ ಆಚೆ.